ಅಲಿ, ಟೈಸನ್, ಜೋ ಲೂಯಿಸ್... ಹೆವಿವೇಟ್‌ನಲ್ಲಿ ಯಾವ ಕಾಲದವನು ಮೇಲು?

ಕೋಳಿಸಾರು_ಕಿಟ್ಟಿ (ಚರ್ಚೆ ಶುರು ಮಾಡಿದವರು):
ಭಾನುವಾರ ಮಾವನ ಮನೆಗೆ ಊಟಕ್ಕೆ ಹೋಗಿದ್ದೆ. ಮಾವನಿಗೆ 71 ವರ್ಷ. ಬಾಮೈದನಿಗೆ 26, ದಿನಾ ಜಿಮ್‌ಗೆ ಹೋಗುವ ಹುಡುಗ. ಮೊಬೈಲ್‌ನಲ್ಲಿ ಟೈಸನ್‌ನ ಹಳೇ ನಾಕೌಟ್‌ಗಳನ್ನು ಒಂದಾದ ಮೇಲೊಂದು ನೋಡುತ್ತಾ ಕೂತಿದ್ದ. ಸುಮ್ನೆ ಇರಬಾರದಾ? "ಇವನ ಮುಂದೆ ನಿಮ್ಮ ಅಲಿ ಎರಡು ರೌಂಡೂ ನಿಲ್ತಿರಲಿಲ್ಲ ಅಪ್ಪಾ" ಅಂದುಬಿಟ್ಟ. ಮಾವ ಕೈಲಿದ್ದ ಮುದ್ದೆ ತಟ್ಟೆಗೆ ಹಾಕಿದರು. ಮುಂದೆ ಮುಕ್ಕಾಲು ಗಂಟೆ ಯಾರೂ ಊಟ ಮಾಡಲಿಲ್ಲ. ಸಾರು ಆರಿ ಮೇಲೆ ಎಣ್ಣೆ ಕಟ್ಟಿತ್ತು.

ನನ್ನನ್ನು ಪಂಚಾಯಿತಿಗೆ ಕೂರಿಸಿದ್ದಾರೆ. ನನಗೆ ಬಾಕ್ಸಿಂಗ್ ಅಷ್ಟಕ್ಕಷ್ಟೇ. ಮುಂದಿನ ಭಾನುವಾರದೊಳಗೆ ತೀರ್ಪು ಕೊಡಬೇಕು. ಹೆವಿವೇಟ್ ಮಾತ್ರ ಹೇಳಿ. ಒಂದೊಂದು ಕಾಲಕ್ಕೆ ಒಬ್ಬೊಬ್ಬರು, ಆಮೇಲೆ ಎಲ್ಲರಿಗೂ ಮೇಲೆ ಒಬ್ಬ. ಕಾರಣ ಸಮೇತ.

ಹುಬ್ಬಳ್ಳಿ_ಹೈದ:
ಅಲಿ. ಮುಗೀತ್ರಿ ಚರ್ಚೆ. ಸಾರು ಬಿಸಿ ಮಾಡಿಕೊಂಡು ಉಣ್ರಿ.

ಎಡಗೈ_ಹುಕ್:
ಬಾಮೈದ ಹೇಳಿದ್ದರಲ್ಲಿ ತಪ್ಪೇನಿದೆ? 1986ರ ನವೆಂಬರ್‌ನಲ್ಲಿ ಟ್ರೆವರ್ ಬರ್ಬಿಕ್‌ನನ್ನು ಎರಡನೇ ರೌಂಡಿಗೆ ಮಲಗಿಸಿ ಚಾಂಪಿಯನ್ ಆದಾಗ ಟೈಸನ್‌ಗೆ 20 ವರ್ಷ 4 ತಿಂಗಳು. ಆ ವಯಸ್ಸಿಗೆ ನಾನು ಸಪ್ಲಿಮೆಂಟರಿ ಬರೆಯುತ್ತಿದ್ದೆ. 1988ರಲ್ಲಿ ಸೋಲೇ ಕಾಣದ ಮೈಕೆಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿಗೆ ಮುಗಿಸಿದ. ಟೈಸನ್ ಅಂದರೆ ಬರೀ ಗುದ್ದು ಅಂದುಕೊಂಡವರು ಅವನ ತಲೆ ನೋಡಿ, ಕೈ ನೋಡಬೇಡಿ. ಎರಡು ಮುಷ್ಟಿ ಕೆನ್ನೆಗೆ ಒತ್ತಿಕೊಂಡು, ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಾ ಒಳಗೆ ನುಗ್ಗುತ್ತಾನೆ. ಎದುರಾಳಿಯ ಜ್ಯಾಬ್ (ಮುಂದಿನ ಕೈಯ ನೇರ ಏಟು) ಗಾಳಿಗೆ ಹೋಗುತ್ತದೆ. ಅವನ ಕೋಚ್ ಕಸ್ ಡಿ'ಅಮಾಟೊ ಕಲಿಸಿದ ವರಸೆ ಅದು. ಆ ಎರಡು ವರ್ಷದ ಟೈಸನ್ ಯಾವ ಕಾಲದಲ್ಲಿ ಹುಟ್ಟಿದ್ದರೂ ಚಾಂಪಿಯನ್ನೇ.

ಮೂಲೆ_ಸ್ಟೂಲು:
@ಎಡಗೈ_ಹುಕ್ ಎರಡು ವರ್ಷ ಅಂತ ನೀವೇ ಹೇಳಿದಿರಿ. ಮೂರನೇ ವರ್ಷದ ಮಾತು ಯಾಕೆ ಬಿಟ್ಟಿರಿ?

1990ರ ಫೆಬ್ರವರಿ 11, ಟೋಕಿಯೊ. ಎದುರಿಗೆ ಬಸ್ಟರ್ ಡಗ್ಲಾಸ್. ಅವನು ಗೆದ್ದರೆ ಬಾಜಿ 42ಕ್ಕೆ 1. ಡಗ್ಲಾಸ್‌ನ ತಾಯಿ ತೀರಿಕೊಂಡು ಮೂರು ವಾರ ಕಳೆದಿತ್ತು ಅಷ್ಟೇ. ಟೈಸನ್‌ನ ಕಣ್ಣು ಊದಿಕೊಂಡರೆ ಒತ್ತುವುದಕ್ಕೆ ತಣ್ಣನೆ ಕಬ್ಬಿಣದ ತುಂಡು ಇರಬೇಕಲ್ವಾ, ಅವನ ಕಾರ್ನರ್‌ನವರು ಅದನ್ನೇ ತಂದಿರಲಿಲ್ಲ. ರಬ್ಬರ್ ಗ್ಲೌಸಿಗೆ ಐಸ್ ನೀರು ತುಂಬಿ ಕಣ್ಣಿಗೆ ಹಿಡಿದರು. ಮದುವೆ ಮನೆಯಲ್ಲಿ ತಾಳಿ ಮರೆತು ಬಂದ ಹಾಗೆ. ಹತ್ತನೇ ರೌಂಡಿನಲ್ಲಿ ಬಿದ್ದ ಮೇಲೆ ಟೈಸನ್ ಏಳುವ ಬದಲು ನೆಲದ ಮೇಲೆ ಹಲ್ಲಿನ ರಕ್ಷಕ ಹುಡುಕುತ್ತಾನೆ. ಮಂಡಿಯೂರಿ ತಡಕಾಡಿ, ಸಿಕ್ಕಿದ್ದನ್ನು ಉಲ್ಟಾ ಬಾಯಿಗೆ ತುರುಕಿಕೊಂಡು ಎದ್ದು ನಿಲ್ಲುತ್ತಾನೆ. ಅಷ್ಟರಲ್ಲಿ ರೆಫರಿ ಅವನನ್ನು ತಬ್ಬಿಕೊಂಡಾಗಿತ್ತು.

ಸೋತಿದ್ದಕ್ಕೆ ಬೈಯುತ್ತಿಲ್ಲ. ಎಲ್ಲರೂ ಸೋತಿದ್ದಾರೆ. ಕೆಳಗೆ ಬಿದ್ದಾಗ, ಮೈ ಕೈಕೊಟ್ಟಾಗ ಎದ್ದು ಬಂದು ಗೆದ್ದ ಒಂದೇ ಒಂದು ದೊಡ್ಡ ಪಂದ್ಯ ಟೈಸನ್ ಲೆಕ್ಕದಲ್ಲಿ ತೋರಿಸಿ. ಇಲ್ಲ. ಹೋಲಿಫೀಲ್ಡ್ ಜೊತೆ ಎರಡನೇ ಸಲ ಕೈಲಾಗದೆ ಕಿವಿ ಕಚ್ಚಿದ.

ಎಡಗೈ_ಹುಕ್:
ಕಿವಿ ತರದೆ ನೀವು ವಾದ ಮುಗಿಸಲ್ಲ ಅಂತ ಗೊತ್ತಿತ್ತು.

ಅರ್ಧ_ಟೀ:
ಕಿಟ್ಟಿ ಅವರೇ, ಇಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಬೇರೆ ಮಾಡಿ, ಇಲ್ಲದಿದ್ದರೆ ನಿಮ್ಮ ಸಾರು ಮುಂದಿನ ಭಾನುವಾರವೂ ಆರುತ್ತದೆ. ಒಂದು: ಇವರನ್ನೆಲ್ಲ ಎಳೆದು ತಂದು ಒಂದೇ ರಿಂಗಿನಲ್ಲಿ ಬಿಟ್ಟರೆ ಯಾರು ಗೆಲ್ಲುತ್ತಾರೆ? ಎರಡು: ತನ್ನ ಕಾಲದಲ್ಲಿ ಇದ್ದವರನ್ನೆಲ್ಲ ಯಾರು ಹೆಚ್ಚು ಚೆನ್ನಾಗಿ ಹೊಡೆದರು? ಮಾವ ಎರಡನೆಯದಕ್ಕೆ ಉತ್ತರ ಹೇಳುತ್ತಿದ್ದಾರೆ, ಬಾಮೈದ ಮೊದಲನೆಯದಕ್ಕೆ. ಜಿ.ಆರ್. ವಿಶ್ವನಾಥ್ ಮೇಲೋ ದ್ರಾವಿಡ್ ಮೇಲೋ ಅಂತ ನಮ್ಮ ಮನೆಯಲ್ಲಿ ಮೂವತ್ತು ವರ್ಷ ನಡೆದಿದ್ದೂ ಇದೇ ಜಗಳ.

ಸುಮ್ನೆ_ಓದುಗ:
ವಿಶ್ವನಾಥ್. ಮುಂದೆ?

ತೂಕದ_ಬಟ್ಟು:
ಮೊದಲ ಪ್ರಶ್ನೆಗೆ ತಕ್ಕಡಿ ಸಾಕು. 1920ರ ಸುಮಾರಿನ ಚಾಂಪಿಯನ್ ಡೆಂಪ್ಸಿ 85 ಕೆಜಿ. 1950ರ ದಶಕದ ಮಾರ್ಸಿಯಾನೊ ಕೂಡ ಹೆಚ್ಚೂಕಮ್ಮಿ ಅಷ್ಟೇ. ಈಗ 200 ಪೌಂಡ್, ಅಂದರೆ 90.7 ಕೆಜಿ ಒಳಗಿದ್ದರೆ ಕ್ರೂಸರ್‌ವೇಟ್. ಹೆವಿವೇಟ್ ಅಂತ ಬರೆದುಕೊಳ್ಳುವುದೇ ಇಲ್ಲ. ಈ ಕಾಲದ ಟೈಸನ್ ಫ್ಯೂರಿ (ಮೈಕ್ ಟೈಸನ್ ಅಲ್ಲ) 6 ಅಡಿ 9 ಇಂಚು, ಸುಮಾರು 119 ಕೆಜಿ. ಮಾರ್ಸಿಯಾನೊ 5 ಅಡಿ 10 ಚಿಲ್ಲರೆ. ಅವನ ಕೈ ಫ್ಯೂರಿಯ ಗಲ್ಲ ಮುಟ್ಟಬೇಕಾದರೆ ಸ್ಟೂಲ್ ಬೇಕು. ಹಳಬರ ಮೇಲೆ ಗೌರವ ಇದೆ. ಆದರೆ ಒಂದೇ ರಿಂಗಿಗೆ ಬಿಟ್ಟರೆ 1960ಕ್ಕೆ ಮುಂಚಿನವರು ಯಾರೂ ಉಳಿಯಲ್ಲ.

ಮೂಲೆ_ಸ್ಟೂಲು:
ನನ್ನ ಹೆಸರು ಎಳೀಬೇಡಿ.

ಗರಡಿಮನೆ_ಗಣಪ:
ತಕ್ಕಡಿ ಅಷ್ಟು ಸತ್ಯ ಹೇಳೋದಾದರೆ 1919ರ ಜುಲೈ 4ಕ್ಕೆ ಟೊಲಿಡೊದಲ್ಲಿ ಏನಾಯ್ತು? ಇದೇ 85 ಕೆಜಿ ಡೆಂಪ್ಸಿ. ಎದುರಿಗೆ ಜೆಸ್ ವಿಲ್ಲಾರ್ಡ್, ಆರೂವರೆ ಅಡಿ ಆಳು, 111 ಕೆಜಿ. ಮೊದಲ ರೌಂಡಿನಲ್ಲೇ ಏಳು ಸಲ ಕೆಡವಿದ. ಮೂರು ರೌಂಡಿಗೆ ವಿಲ್ಲಾರ್ಡ್ ಸ್ಟೂಲಿನಿಂದ ಏಳಲಿಲ್ಲ. 1935ರಲ್ಲಿ ಜೋ ಲೂಯಿಸ್ 89 ಕೆಜಿ ಇಟ್ಟುಕೊಂಡು 118 ಕೆಜಿಯ ಕಾರ್ನೆರಾನನ್ನು ಆರನೇ ರೌಂಡಿಗೆ ಮುಗಿಸಿದ. ದೊಡ್ಡ ಮೈಯವರು ಆಗಲೂ ಇದ್ದರು ಸಾರ್, ಬೀಳ್ತಾ ಇದ್ದರು.

ತೂಕದ_ಬಟ್ಟು:
ವಿಲ್ಲಾರ್ಡ್‌ಗೆ ಆಗ 37. ಮೂರು ವರ್ಷದಿಂದ ಒಂದು ಟೈಟಲ್ ಪಂದ್ಯವನ್ನೂ ಆಡಿರಲಿಲ್ಲ. ಇನ್ನೊಂದು ವಿಷಯ, ಆಗ ಬಿದ್ದವನು ಏಳುವಾಗ ಹೊಡೆದವನು ದೂರದ ಮೂಲೆಗೆ ಹೋಗಿ ನಿಲ್ಲಬೇಕೆಂಬ ಕಟ್ಟುಪಾಡೂ ಇರಲಿಲ್ಲ. ಡೆಂಪ್ಸಿ ಪಕ್ಕದಲ್ಲೇ ನಿಂತು, ಮಂಡಿ ನೆಲ ಬಿಡುವುದನ್ನೇ ಕಾದು ಹೊಡೆಯುತ್ತಾನೆ. ಏಳರಲ್ಲಿ ಎಷ್ಟು ಸಲ ವಿಲ್ಲಾರ್ಡ್ ನಿಜವಾಗಿ ಎದ್ದು ನಿಂತಿದ್ದ ಹೇಳಿ.

ಅರ್ಧ_ಟೀ:
ಆ ಚಾಳಿಯೇ ಡೆಂಪ್ಸಿಯನ್ನು ಆಮೇಲೆ ಮುಳುಗಿಸಿತು. 1927, ಷಿಕಾಗೊ. ಅಷ್ಟೊತ್ತಿಗೆ ಮೂಲೆಗೆ ಹೋಗುವ ನಿಯಮ ಬಂದಿತ್ತು. ಏಳನೇ ರೌಂಡಿನಲ್ಲಿ ಜೀನ್ ಟನ್ನಿಯನ್ನು ಕೆಡವಿದ, ಆದರೆ ಹಳೇ ಅಭ್ಯಾಸಕ್ಕೆ ಅಲ್ಲೇ ನಿಂತ. ಅವನು ದೂರ ಹೋಗುವವರೆಗೂ ರೆಫರಿ ಎಣಿಕೆ ಶುರು ಮಾಡಲಿಲ್ಲ. ಟನ್ನಿಗೆ ಸುಮಾರು 14 ಸೆಕೆಂಡು ಸಿಕ್ಕಿತು. ಎದ್ದ, ಕಾಲಿಗೆ ಬುದ್ಧಿ ಹೇಳಿದ, ಎಂಟನೇ ರೌಂಡಿನಲ್ಲಿ ಡೆಂಪ್ಸಿಯನ್ನೇ ಕೆಡವಿದ, ಪಂದ್ಯ ಗೆದ್ದ. ನೂರು ವರ್ಷ ಆಗುತ್ತಾ ಬಂತು, ಆ ನಾಲ್ಕು ಸೆಕೆಂಡಿನ ಜಗಳ ಇನ್ನೂ ಮುಗಿದಿಲ್ಲ.

ಹುಬ್ಬಳ್ಳಿ_ಹೈದ:
ನಮ್ಮ ಕಡೆ ಕುಸ್ತಿಯೊಳಗ ಇಷ್ಟೊತ್ತಿಗೆ ಪ್ರೇಕ್ಷಕರೇ ರಿಂಗಿನೊಳಗ ಇರ್ತಿದ್ರು.

ಬೆಣ್ಣೆದೋಸೆ:
ಎಲ್ಲರೂ ಮರೆಯುತ್ತಿರುವ ಸಂಖ್ಯೆ 49-0. ರಾಕಿ ಮಾರ್ಸಿಯಾನೊ. 49 ಪಂದ್ಯ, 49 ಗೆಲುವು, 43 ನಾಕೌಟ್, ಚಾಂಪಿಯನ್ ಆಗಿದ್ದಾಗಲೇ ನಿವೃತ್ತಿ. ಸೋಲದವನಿಗಿಂತ ಮೇಲು ಅಂದರೆ ಯಾರು? 1952ರಲ್ಲಿ ಆಗಿನ ಚಾಂಪಿಯನ್ ವಾಲ್ಕಾಟ್ ಅವನನ್ನು ಮೊದಲ ರೌಂಡಿಗೇ ಕೆಡವಿದ್ದ. 12 ರೌಂಡ್ ಮುಗಿದಾಗ ಅಂಕ ಕೊಡುವ ಮೂವರ ಲೆಕ್ಕದಲ್ಲೂ ವಾಲ್ಕಾಟ್ ಮುಂದಿದ್ದ. ಹದಿಮೂರನೇ ರೌಂಡಿನಲ್ಲಿ ಗೇಣುದ್ದದ ಒಂದು ಬಲಗೈ ಏಟು. ವಾಲ್ಕಾಟ್ ಕೈ ಹಗ್ಗಕ್ಕೆ ಸಿಕ್ಕಿ, ಮೈ ಮಡಿಚಿಕೊಂಡು, ಹಣೆ ನೆಲಕ್ಕೆ ಇಟ್ಟ. ಬಿದ್ದು ಎದ್ದು ಗೆದ್ದ ಪಂದ್ಯ ತೋರಿಸಿ ಅಂದ್ರಲ್ಲ, ತಗೊಳ್ಳಿ.

ಎಡಗೈ_ಹುಕ್:
ವಾಲ್ಕಾಟ್‌ಗೆ ಆಗ 38. ಮಾರ್ಸಿಯಾನೊ ಜೋ ಲೂಯಿಸ್‌ನನ್ನು ಹೊಡೆದಾಗ ಲೂಯಿಸ್‌ಗೆ 37. ಆರ್ಚಿ ಮೂರ್ ಕೂಡ ನಲವತ್ತರ ಆಸುಪಾಸು. 49-0 ಅಲ್ಲ ಅದು, ಪಿಂಚಣಿ ಕಚೇರಿ.

ಬೆಣ್ಣೆದೋಸೆ:
ಎದುರಿಗೆ ಯಾರಿದ್ದರೋ ಅವರನ್ನೇ ಹೊಡೆಯಬೇಕು ತಾನೇ? ಹುಟ್ಟದೇ ಇದ್ದವರನ್ನು ಹೇಗೆ ಹೊಡೆಯೋದು?

ಸುಮ್ನೆ_ಓದುಗ:
ಅಲಿ ಮತ್ತು ಮಾರ್ಸಿಯಾನೊ ಮಧ್ಯೆ ಕಂಪ್ಯೂಟರ್ ಪಂದ್ಯ ಮಾಡಿಸಿದ್ದರಲ್ವಾ? ಎಲ್ಲೋ ಓದಿದ ನೆನಪು.

ಅರ್ಧ_ಟೀ:
ಹೌದು, 1969ರಲ್ಲಿ. ಅಲಿಗೆ ಲೈಸೆನ್ಸ್ ಇಲ್ಲದೆ ಖಾಲಿ ಕೂತಿದ್ದ ಕಾಲ. ಇಬ್ಬರನ್ನೂ ಕರೆದು ನಿಧಾನಕ್ಕೆ ಗುದ್ದಾಡಿಸಿ ಬೇರೆ ಬೇರೆ ಅಂತ್ಯಗಳನ್ನು ಚಿತ್ರ ತೆಗೆದರು. ಕಂಪ್ಯೂಟರ್ ಹೇಳಿದ ಹಾಗೆ ಜೋಡಿಸಿ 1970ರ ಜನವರಿಯಲ್ಲಿ ಚಿತ್ರಮಂದಿರಗಳಲ್ಲಿ ತೋರಿಸಿದರು. ಮಾರ್ಸಿಯಾನೊ ಇದಕ್ಕಾಗಿ ಮೈ ಇಳಿಸಿದ್ದ, ತಲೆಗೆ ಟೋಪನ್ ಹಾಕಿದ್ದ. ಫಲಿತಾಂಶ: 13ನೇ ರೌಂಡಿಗೆ ಅಲಿಯನ್ನು ನಾಕೌಟ್ ಮಾಡಿ ಮಾರ್ಸಿಯಾನೊ ಗೆದ್ದ. ಆದರೆ ಅದನ್ನು ನೋಡಲು ಅವನೇ ಇರಲಿಲ್ಲ. ಚಿತ್ರೀಕರಣ ಮುಗಿದ ಸ್ವಲ್ಪ ದಿನಕ್ಕೆ ವಿಮಾನ ಅಪಘಾತದಲ್ಲಿ ತೀರಿಕೊಂಡ.

ಕಪ್ಪುಹಲಗೆ:
ಇಷ್ಟೊತ್ತು ಸುಮ್ನೆ ಓದುತ್ತಿದ್ದೆ. "ಎದುರಿಗೆ ಯಾರಿದ್ದರೋ ಅವರನ್ನೇ ಹೊಡೆಯಬೇಕು" ಅನ್ನೋ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಎದುರಿಗೆ ಯಾರನ್ನು ನಿಲ್ಲಲು ಬಿಟ್ಟರು ಅಂತ ಕೇಳಬೇಕಲ್ವಾ?

1880ರ ದಶಕದ ಚಾಂಪಿಯನ್ ಜಾನ್ ಎಲ್. ಸಲಿವನ್ ಕಾಲದಿಂದಲೂ ಬಿಳಿ ಚಾಂಪಿಯನ್‌ಗಳು ಕಪ್ಪು ಬಾಕ್ಸರ್‌ಗಳ ಜೊತೆ ಟೈಟಲ್‌ಗೆ ಆಡುತ್ತಿರಲಿಲ್ಲ. ಬಹಿರಂಗವಾಗಿಯೇ ಹೇಳುತ್ತಿದ್ದರು. ಕಪ್ಪು ಬಾಕ್ಸರ್ ಜ್ಯಾಕ್ ಜಾನ್ಸನ್ ಬಿಳಿ ಚಾಂಪಿಯನ್ ಟಾಮಿ ಬರ್ನ್ಸ್‌ನ ಬೆನ್ನು ಹತ್ತಿ ಆಸ್ಟ್ರೇಲಿಯಾವರೆಗೂ ಹೋದ. 1908ರ ಡಿಸೆಂಬರ್ 26ಕ್ಕೆ ಸಿಡ್ನಿಯಲ್ಲಿ ಪಂದ್ಯ ಆಯಿತು. ಕೊನೆಗೆ ಪೊಲೀಸರು ನಡುವೆ ಬಂದು ನಿಲ್ಲಿಸಬೇಕಾಯಿತು, ಜಾನ್ಸನ್ ಚಾಂಪಿಯನ್ ಆದ. ಆಮೇಲೆ "ಬಿಳಿಯರ ಭರವಸೆ"ಯನ್ನು ಹುಡುಕಲು ಶುರು ಮಾಡಿದರು. ನಿವೃತ್ತನಾಗಿ ಹೊಲ ನೋಡಿಕೊಂಡಿದ್ದ ಮಾಜಿ ಚಾಂಪಿಯನ್ ಜೆಫ್ರೀಸ್‌ನನ್ನು ಆರು ವರ್ಷ ಬಿಟ್ಟು ವಾಪಸ್ ಕರೆತಂದರು. 1910ರ ಜುಲೈ 4, ರೀನೊ. ಜಾನ್ಸನ್ 15ನೇ ರೌಂಡಿಗೆ ಮುಗಿಸಿದ. ಆ ರಾತ್ರಿ ಅಮೆರಿಕದ ಊರೂರಲ್ಲಿ ಗಲಭೆಯಾಗಿ ಜನ ಸತ್ತರು. ಎರಡು ವರ್ಷಕ್ಕೆ ಬಾಕ್ಸಿಂಗ್ ಚಿತ್ರಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಬಾರದು ಅಂತ ಕಾನೂನೇ ಬಂತು. ಗೆದ್ದವನ ಬಣ್ಣ ಪರದೆ ಮೇಲೆ ಕಾಣಬಾರದು, ಅಷ್ಟೇ.

ಈಗ ಸ್ಯಾಮ್ ಲ್ಯಾಂಗ್‌ಫರ್ಡ್ ವಿಷಯ. ಈ ಚರ್ಚೆಯಲ್ಲಿ ಯಾರೂ ಹೆಸರು ಹೇಳಿಲ್ಲ, ಅದರಲ್ಲಿ ಆಶ್ಚರ್ಯವೂ ಇಲ್ಲ. ಕೆನಡಾದ ನೋವಾ ಸ್ಕೋಷಿಯಾದವನು. ಐದೂವರೆ ಅಡಿಗಿಂತ ಸ್ವಲ್ಪ ಎತ್ತರ. ಲೈಟ್‌ವೇಟ್‌ನಿಂದ ಹೆವಿವೇಟ್‌ವರೆಗೆ ಸಿಕ್ಕಿದವರನ್ನೆಲ್ಲ ಹೊಡೆದ. ಜಾನ್ಸನ್ ಚಾಂಪಿಯನ್ ಆಗುವ ಮುಂಚೆ, 1906ರಲ್ಲಿ, ಇವನನ್ನು 15 ರೌಂಡಿನಲ್ಲಿ ಸೋಲಿಸಿದ್ದ. ಚಾಂಪಿಯನ್ ಆದ ಮೇಲೆ ಮಾತ್ರ ಎದುರಿಗೆ ಬರಲಿಲ್ಲ. ಬಿಳಿಯರೂ ಬಿಡಲಿಲ್ಲ, ಜಾನ್ಸನ್ನೂ ಬಿಡಲಿಲ್ಲ. ಕಪ್ಪು ಚಾಲೆಂಜರ್ ಒಬ್ಬನಿಗೂ ಜಾನ್ಸನ್ ಅವಕಾಶ ಕೊಡಲಿಲ್ಲ. ಲ್ಯಾಂಗ್‌ಫರ್ಡ್, ಹ್ಯಾರಿ ವಿಲ್ಸ್, ಜೋ ಜೀನೆಟ್, ಸ್ಯಾಮ್ ಮೆಕ್‌ವೀ, ಈ ನಾಲ್ವರೂ ಪಾಪ, ತಮ್ಮತಮ್ಮಲ್ಲೇ ಮತ್ತೆ ಮತ್ತೆ ಗುದ್ದಾಡಿಕೊಂಡರು. ಲ್ಯಾಂಗ್‌ಫರ್ಡ್ ಮತ್ತು ವಿಲ್ಸ್ 15ಕ್ಕೂ ಹೆಚ್ಚು ಸಲ ಆಡಿದ್ದಾರೆ! 1909ರಲ್ಲಿ ಪ್ಯಾರಿಸ್‌ನಲ್ಲಿ ಜೀನೆಟ್ ಮತ್ತು ಮೆಕ್‌ವೀ 49 ರೌಂಡ್ ಆಡಿದರು. ಬಿದ್ದು ಬಿದ್ದು ಎದ್ದ ಜೀನೆಟ್ ಗೆದ್ದ, ಮೆಕ್‌ವೀ ಸ್ಟೂಲಿನಿಂದ ಏಳಲಾಗಲಿಲ್ಲ.

ಡೆಂಪ್ಸಿ ಮತ್ತು ವಿಲ್ಸ್ ಪಂದ್ಯಕ್ಕೆ ಕರಾರು ಆಗಿತ್ತು. ಪಂದ್ಯ ಆಗಲಿಲ್ಲ. 1915ರಲ್ಲಿ ಜಾನ್ಸನ್ ಹವಾನಾದಲ್ಲಿ ಸೋತ ಮೇಲೆ 1937ರವರೆಗೆ, 22 ವರ್ಷ, ಒಬ್ಬ ಕಪ್ಪು ಬಾಕ್ಸರ್‌ಗೂ ಹೆವಿವೇಟ್ ಟೈಟಲ್ ಪಂದ್ಯ ಸಿಗಲಿಲ್ಲ. ಹೀಗಿರುವಾಗ ಡೆಂಪ್ಸಿ ತನ್ನ ಕಾಲದಲ್ಲಿ ಎಲ್ಲರಿಗಿಂತ ಮೇಲು ಅಂತ ಯಾವ ಲೆಕ್ಕದಲ್ಲಿ ಹೇಳ್ತೀರಿ? ಅರ್ಧ ತರಗತಿಯನ್ನು ಹೊರಗೆ ನಿಲ್ಲಿಸಿ ಫಸ್ಟ್ ರ್‍ಯಾಂಕ್ ಕೊಟ್ಟ ಹಾಗೆ.

1944ರಲ್ಲಿ ಒಬ್ಬ ಪತ್ರಕರ್ತ ಹಾರ್ಲೆಮ್‌ನ ಒಂದು ಕತ್ತಲೆ ಕೋಣೆಯಲ್ಲಿ ಲ್ಯಾಂಗ್‌ಫರ್ಡ್‌ನನ್ನು ಪತ್ತೆ ಮಾಡಿದ. ಕಣ್ಣು ಕಾಣುತ್ತಿರಲಿಲ್ಲ. ಕೈಯಲ್ಲಿ ಚಿಲ್ಲರೆ ಬಿಟ್ಟರೆ ಏನೂ ಇರಲಿಲ್ಲ. ಸುದ್ದಿ ಬಂದ ಮೇಲೆ ಜನ ದುಡ್ಡು ಕೂಡಿಸಿ ಕೊಟ್ಟರು.

ಅರ್ಧ_ಟೀ:
ಒಳ್ಳೇ ಬರಹ. ಒಂದು ತಿದ್ದುಪಡಿ ಮಾತ್ರ. ಜಾನ್ಸನ್ ಕಪ್ಪು ಚಾಲೆಂಜರ್ ಒಬ್ಬನಿಗೆ ಕೊಟ್ಟಿದ್ದ. 1913ರ ಡಿಸೆಂಬರ್, ಪ್ಯಾರಿಸ್, ಬ್ಯಾಟ್ಲಿಂಗ್ ಜಿಮ್ ಜಾನ್ಸನ್. ಡ್ರಾ ಆಯಿತು.

ಕಪ್ಪುಹಲಗೆ:
ನಿಜ, ಅವನನ್ನು ಮರೆತೆ. ಆದರೆ ಲ್ಯಾಂಗ್‌ಫರ್ಡ್ ಇರುವಾಗ ಅವನನ್ನು ಆರಿಸಿಕೊಂಡ ಅನ್ನೋದೇ ನನ್ನ ಮಾತಿಗೆ ಸಾಕ್ಷಿ.

ಬೆಣ್ಣೆದೋಸೆ:
ನಾನು ಮಾರ್ಸಿಯಾನೊ ಬಗ್ಗೆ ಹೇಳಿದ್ದು, ಡೆಂಪ್ಸಿ ಬಗ್ಗೆ ಅಲ್ಲ. ಮಾರ್ಸಿಯಾನೊ ಎಲ್ಲರ ಜೊತೆಯೂ ಆಡಿದ್ದಾನೆ. ಆದರೂ ಓದಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ.

ಶಾಲ್ಮಲೆ:
ಕಪ್ಪುಹಲಗೆ ಸಾರ್ ನಿಲ್ಲಿಸಿದ ಕಡೆಯಿಂದ ನಾನು ಹಿಡಿಯುತ್ತೇನೆ. 1937ರಲ್ಲಿ ಆ ಬಾಗಿಲು ತೆಗೆಸಿದವನು ಜೋ ಲೂಯಿಸ್. ನನ್ನ ಓಟು ಅವನಿಗೇ. ಸುಮಾರು 12 ವರ್ಷ ಚಾಂಪಿಯನ್. 25 ಸಲ ಟೈಟಲ್ ಉಳಿಸಿಕೊಂಡ. ಹೆವಿವೇಟ್‌ನಲ್ಲಿ ಇಂದಿಗೂ ಯಾರೂ ಅದನ್ನು ದಾಟಿಲ್ಲ.

ಜಾನ್ಸನ್ ತರ ನಡೆದುಕೊಳ್ಳಬೇಡ ಅಂತ ಅವನಿಗೆ ಪಾಠ ಹೇಳಿಕೊಟ್ಟಿದ್ದರು. ಗೆದ್ದ ಮೇಲೆ ನಗಬೇಡ, ಬಿಳಿ ಹೆಂಗಸಿನ ಜೊತೆ ಫೋಟೊಗೆ ನಿಲ್ಲಬೇಡ. ಸೊಸೆಗೆ ಕೊಡೋ ಬುದ್ಧಿಮಾತಿನ ಹಾಗಿದೆ. ಮುಖದಲ್ಲಿ ಏನೂ ತೋರಿಸದೆ ಕೈಯಲ್ಲಿ ಎಲ್ಲ ತೋರಿಸಿದ.

1936ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಅವನನ್ನು 12ನೇ ರೌಂಡಿಗೆ ನಾಕೌಟ್ ಮಾಡಿದ್ದ. ಜ್ಯಾಬ್ ಹೊಡೆದು ಎಡಗೈ ವಾಪಸ್ ತರುವಾಗ ಲೂಯಿಸ್ ಅದನ್ನು ಕೆಳಗಿಳಿಸುತ್ತಾನೆ ಅಂತ ಷ್ಮೆಲಿಂಗ್ ಗುರುತು ಹಾಕಿಕೊಂಡಿದ್ದ. 1938ರ ಜೂನ್ 22ಕ್ಕೆ ಯಾಂಕೀ ಸ್ಟೇಡಿಯಂನಲ್ಲಿ ಮತ್ತೆ ಎದುರಾದರು. ಹಿಟ್ಲರನ ಕಾಲ, ಇಡೀ ಜಗತ್ತು ರೇಡಿಯೊಗೆ ಕಿವಿ ಕೊಟ್ಟಿತ್ತು. 124 ಸೆಕೆಂಡ್. ಕಿಟ್ಟಿ ಅವರೇ, ಬಾಮೈದನಿಗೆ ಟೈಸನ್ ಬಿಟ್ಟು ಇದೊಂದನ್ನು ತೋರಿಸಿ. ಲೂಯಿಸ್ ಗುದ್ದು ದೂರದಿಂದ ಬೀಸಿ ಬರುವುದಿಲ್ಲ, ಆರು ಇಂಚಿನಿಂದ ಬರುತ್ತದೆ. ಕಾಲು ಜಾರುವುದಿಲ್ಲ, ಭುಜ ಮೊದಲೇ ಸುಳಿವು ಕೊಡುವುದಿಲ್ಲ. ರೊಟ್ಟಿ ತಟ್ಟುವವರ ಕೈ ಇದ್ದ ಹಾಗೆ. ಒಂದು ಚಲನೆಯೂ ದಂಡವಿಲ್ಲ.

ಆಮೇಲೆ ಅವರಿಬ್ಬರೂ ಗೆಳೆಯರಾದರು. ಯುದ್ಧದಲ್ಲಿ ಪಂದ್ಯದ ದುಡ್ಡನ್ನು ನೌಕಾಪಡೆಯ ನಿಧಿಗೆ ಕೊಟ್ಟ ಲೂಯಿಸ್‌ಗೆ ಅದೇ ದುಡ್ಡಿನ ಮೇಲೆ ತೆರಿಗೆ ಹಾಕಿದರು. ಸಾಲದಲ್ಲೇ ಮುದುಕನಾದ. 1981ರಲ್ಲಿ ಅವನ ಅಂತ್ಯಕ್ರಿಯೆಯ ಖರ್ಚಿಗೆ ಷ್ಮೆಲಿಂಗ್ ಕೈಜೋಡಿಸಿದ.

ಗರಡಿಮನೆ_ಗಣಪ:
ರೊಟ್ಟಿ ಮಾತು ಹಿಡಿಸ್ತು ಮೇಡಂ.

ತೂಕದ_ಬಟ್ಟು:
ಲೂಯಿಸ್ ಬಗ್ಗೆ ನಾನೂ ಮೆತ್ತಗಾಗುತ್ತೇನೆ. ಆದರೆ ಫ್ಯೂರಿ...

ಶಾಲ್ಮಲೆ:
ಆದರೆ ಗೀದರೆ ಇಲ್ಲ.

ಸುಮ್ನೆ_ಓದುಗ:
ಸಲಿವನ್ 75 ರೌಂಡ್ ಬರಿಗೈಯಲ್ಲಿ ಆಡಿದ್ದನಂತೆ. 75 ಗುಣಿಲೆ 3, 225 ನಿಮಿಷ. ಈಗಿನವರು 12 ರೌಂಡಿಗೆ ಏದುಸಿರು ಬಿಡ್ತಾರೆ. ಹಳಬರೇ ಗಟ್ಟಿ.

ಅರ್ಧ_ಟೀ:
ಗುಣಾಕಾರ ತಪ್ಪು. 1889ರ ಕಿಲ್‌ರೇನ್ ಪಂದ್ಯ ಹಳೇ ಬರಿಗೈ ನಿಯಮದ್ದು. ಒಬ್ಬ ನೆಲಕ್ಕೆ ಬಿದ್ದರೆ ರೌಂಡ್ ಮುಗಿಯಿತು. ಬೇಕಂತಲೇ ಮಂಡಿಯೂರಿ ರೌಂಡ್ ಮುಗಿಸುವವರೂ ಇದ್ದರು. ಒಟ್ಟು ಎರಡು ಗಂಟೆ ಚಿಲ್ಲರೆ ನಡೆಯಿತು. ಮಿಸಿಸಿಪಿಯ ಜುಲೈ ಬಿಸಿಲಲ್ಲಿ ಅದೇನೂ ಕಮ್ಮಿಯಲ್ಲ ಬಿಡಿ. ಮೂರು ವರ್ಷಕ್ಕೆ ಗ್ಲೌಸ್ ಹಾಕಿಕೊಂಡ ಕಾರ್ಬೆಟ್ ಬಂದು, ಸುತ್ತ ಕುಣಿದು, 21ನೇ ರೌಂಡಿಗೆ ಸಲಿವನ್‌ನನ್ನು ಮಲಗಿಸಿದ.

ಗರಡಿಮನೆ_ಗಣಪ:
ಬರಿಗೈ ಅಂದಿದ್ದಕ್ಕೆ ನೆನಪಾಯ್ತು. ನಮ್ಮ ಮೈಸೂರಿನ ವಜ್ರಮುಷ್ಟಿ ಕಾಳಗಕ್ಕೆ ರೌಂಡೂ ಇಲ್ಲ, ಪಾಯಿಂಟೂ ಇಲ್ಲ. ವಿಜಯದಶಮಿ ದಿನ ಅರಮನೆಯಲ್ಲಿ ಜಟ್ಟಿಗಳು ತಲೆ ಬೋಳಿಸಿಕೊಂಡು, ಮುಷ್ಟಿಗೆ ಆಯುಧ ಹಾಕಿಕೊಂಡು ನಿಲ್ತಾರೆ. ತಲೆಯಿಂದ ಮೊದಲ ರಕ್ತ ಚಿಮ್ಮಿದರೆ ಮುಗೀತು. ಕೆಲವೊಮ್ಮೆ ಕಣ್ಣು ಮಿಟುಕಿಸೋದರೊಳಗೆ. ಟೈಸನ್‌ನ 91 ಸೆಕೆಂಡ್ ಅಲ್ಲಿ ಜಾಸ್ತಿನೇ ಆಯ್ತು. ದಸರಾ ಕುಸ್ತಿಗೆ ಜೋಡಿ ಕಟ್ಟೋವಾಗ ಕೂಡ ಹಿರಿಯರು ಮೈ ನೋಡಿ, ಹಿಂದೆ ಗೆದ್ದಿದ್ದು ನೋಡಿ ಜೋಡಿ ಮಾಡ್ತಾರೆ. ಬರೀ ತಕ್ಕಡಿ ನಂಬಲ್ಲ.

ಕೋಳಿಸಾರು_ಕಿಟ್ಟಿ:
ಎಲ್ಲಾ ಓದುತ್ತಿದ್ದೇನೆ. ವಜ್ರಮುಷ್ಟಿ ಮಾತು ಮಾವನ ಹತ್ತಿರ ಎತ್ತಲ್ಲ, ಅದಕ್ಕೆ ಇನ್ನೊಂದು ಭಾನುವಾರ ಬೇಕು. ಆದರೆ ಅಲಿ ಯಾಕೆ ಅಂತ ಯಾರೂ ಸರಿಯಾಗಿ ಹೇಳಿಲ್ಲ. ಹುಬ್ಬಳ್ಳಿಯವರು ಒಂದೇ ಮಾತು ಹೇಳಿ ಹೋದರು.

ಹುಬ್ಬಳ್ಳಿ_ಹೈದ:
ಸೂರ್ಯನ್ನ ತೋರಿಸಾಕ ಬ್ಯಾಟರಿ ಬೇಕೇನ್ರೀ?

ಮೂಲೆ_ಸ್ಟೂಲು:
ನಾನು ಹೇಳುತ್ತೇನೆ. ಫ್ರೇಜಿಯರ್ 1971ರಲ್ಲಿ ಅಲಿಯನ್ನು ಸೋಲಿಸಿದ. 1973ರಲ್ಲಿ ನಾರ್ಟನ್ ದವಡೆ ಮುರಿದು ಸೋಲಿಸಿದ. ಇದೇ ಫ್ರೇಜಿಯರ್‌ನನ್ನು ಜಾರ್ಜ್ ಫೋರ್‌ಮನ್ ಎರಡು ರೌಂಡಿನಲ್ಲಿ ಆರು ಸಲ ಕೆಡವಿದ. ನಾರ್ಟನ್‌ನನ್ನೂ ಎರಡೇ ರೌಂಡಿಗೆ ಮುಗಿಸಿದ. 40 ಪಂದ್ಯ, 40 ಗೆಲುವು, 37 ನಾಕೌಟ್, ವಯಸ್ಸು 25. ಅಲಿಗೆ 32. ಕಾಗದದ ಮೇಲೆ ಲೆಕ್ಕ ಹಾಕಿದವರೆಲ್ಲ ಅಲಿ ಬದುಕಿ ಬಂದರೆ ಸಾಕು ಅಂದುಕೊಂಡಿದ್ದರು.

1974ರ ಅಕ್ಟೋಬರ್ 30, ಆಫ್ರಿಕಾದ ಕಿನ್ಷಾಸಾ. ಫೋರ್‌ಮನ್ ಎದುರು ಅಲಿ. ಅಮೆರಿಕದ ಟಿವಿಗೋಸ್ಕರ ಅಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಪಂದ್ಯ. ಸೆಕೆ. ಎರಡನೇ ರೌಂಡಿನಿಂದ ಅಲಿ ಹಗ್ಗಕ್ಕೆ ಒರಗಿ ನಿಂತುಬಿಟ್ಟ. ಅವನ ಕಾರ್ನರ್‌ನವರೇ ಹಗ್ಗ ಬಿಟ್ಟು ಬಾ ಅಂತ ಬಾಯಿ ಬಡಿದುಕೊಂಡರು. ಫೋರ್‌ಮನ್ ಪಕ್ಕೆಗೆ, ತೋಳಿಗೆ ಗುದ್ದಿದ್ದೇ ಗುದ್ದಿದ್ದು. ಅಲಿ ಅವನ ಕುತ್ತಿಗೆ ಮೇಲೆ ಭಾರ ಹಾಕಿ ಕಿವಿಯಲ್ಲಿ ಏನೇನೋ ಕೆಣಕುತ್ತಾನೆ. ಎಂಟನೇ ರೌಂಡಿನ ಕೊನೆಗೆ ಫೋರ್‌ಮನ್ ಕೈ ಸೀಸದ ಹಾಗೆ ಆಗಿತ್ತು. ಹಗ್ಗದಿಂದ ಹೊರಳಿ ಬಂದು ಸರಸರ ಐದು ಏಟು. ಫೋರ್‌ಮನ್ ಅರ್ಧ ಸುತ್ತು ತಿರುಗಿ ಬೀಳುತ್ತಾನೆ. ಆಗ ಅಲಿಯ ಬಲಗೈ ನೋಡಿ. ಇನ್ನೊಂದು ಹೊಡೆಯಲು ಎತ್ತಿದ್ದಾನೆ, ಬೀಳುವವನ ಜೊತೆಗೇ ತಿರುಗುತ್ತಾನೆ, ಆದರೆ ಹೊಡೆಯುವುದಿಲ್ಲ. ನಾನು ಎಷ್ಟು ಸಲ ನೋಡಿದರೂ ಅಲ್ಲಿ ಒಮ್ಮೆ ನಿಲ್ಲಿಸುತ್ತೇನೆ.

ಇದೂ ಸಾಲದು ಅಂದರೆ: ಫ್ರೇಜಿಯರ್‌ನನ್ನು ಆಮೇಲೆ ಎರಡು ಸಲ ಸೋಲಿಸಿದ. ನಾರ್ಟನ್‌ನನ್ನೂ ಸೋಲಿಸಿದ. ಇದೆಲ್ಲ 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದಿದ್ದಕ್ಕೆ ಟೈಟಲ್ ಕಿತ್ತುಕೊಂಡು, ಮೂರೂವರೆ ವರ್ಷ ಹೊರಗಿಟ್ಟ ಮೇಲೆ. 25ರಿಂದ 28, ಕಾಲು ಚುರುಕಾಗಿರುವ ವಯಸ್ಸು. ಅದನ್ನು ನಾವು ನೋಡಲೇ ಇಲ್ಲ.

ಎಡಗೈ_ಹುಕ್:
ಫೋರ್‌ಮನ್ ಅಂದರೆ ಗ್ರಿಲ್ ಮಾರಿದವನಾ? ನಾನು ಟೆಕ್ಸಸ್‌ಗೆ ಬಂದ ಹೊಸತರಲ್ಲಿ ರೂಮಿನಲ್ಲಿ ಅದೊಂದೇ ಅಡುಗೆ ಸಾಮಾನು ಇತ್ತು. ಅದರ ಮೇಲೇ ದೋಸೆ ಹಾಕಿದ್ದೆವು. ಗೆರೆ ಗೆರೆ ದೋಸೆ.

ಬೆಣ್ಣೆದೋಸೆ:
ಈ ಪಾಪಕ್ಕೆ ಕ್ಷಮೆ ಇಲ್ಲ.

ಮೂಲೆ_ಸ್ಟೂಲು:
ಅವನೇ. ಗ್ರಿಲ್ ಮಾರುವ ಕಾಲದಲ್ಲೇ, 1994ರಲ್ಲಿ, 45ನೇ ವಯಸ್ಸಿಗೆ ಮೈಕೆಲ್ ಮೂರರ್‌ನನ್ನು ಹೊಡೆದು ಮತ್ತೆ ಚಾಂಪಿಯನ್ ಆದ. ಒಂಬತ್ತು ರೌಂಡ್ ಸೋಲುತ್ತಲೇ ಇದ್ದ. ಹತ್ತರಲ್ಲಿ ಒಂದು ಗಿಡ್ಡ ಬಲಗೈ ಏಟು. ಕಿನ್ಷಾಸಾದಲ್ಲಿ ಸೋತಾಗ ಹಾಕಿದ್ದ ಕೆಂಪು ಚಡ್ಡಿಯನ್ನೇ ಹಾಕಿಕೊಂಡು ಬಂದಿದ್ದ. ಕಾರ್ನರ್‌ನಲ್ಲಿ ಯಾರು ಗೊತ್ತಾ? ಏಂಜೆಲೊ ಡಂಡಿ. ಕಿನ್ಷಾಸಾದಲ್ಲಿ ಅಲಿ ಕಡೆ ನಿಂತಿದ್ದವನು.

ಚಾಂಪಿಯನ್_ರೀಫ್:
ನಾನು ಕೆಜಿಎಫ್‌ನವನು. ಗಣಿ ನಡೆಯುತ್ತಿದ್ದ ಕಾಲದಲ್ಲಿ ನಮ್ಮೂರಲ್ಲಿ ಬಾಕ್ಸಿಂಗ್ ಹುಚ್ಚು ಜಾಸ್ತಿ. ದೊಡ್ಡಪ್ಪ ಕೂಡ ಸ್ವಲ್ಪ ದಿನ ಗ್ಲೌಸ್ ಹಾಕಿದ್ದರು, ಮೂಗು ಅದಕ್ಕೆ ಸಾಕ್ಷಿ. 1980ರಲ್ಲಿ ಅಲಿ ಇಂಡಿಯಾಕ್ಕೆ ಬಂದಾಗ ಮದ್ರಾಸಿನಲ್ಲಿ ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಇತ್ತು. ದೊಡ್ಡಪ್ಪ ಶಿಫ್ಟ್ ಬದಲಾಯಿಸಿಕೊಂಡು, ಬಂಗಾರಪೇಟೆಯಲ್ಲಿ ರೈಲು ಹತ್ತಿ ಹೋಗಿದ್ದರಂತೆ. ಏನು ನೋಡಿದಿರಿ ಅಂತ ನಾನು ಚಿಕ್ಕವನಿದ್ದಾಗ ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಒಂದೇ ಉತ್ತರ: "ಹೊಟ್ಟೆ ಬಂದಿತ್ತು ಕಣೋ. ಆದ್ರೂ ಕಾಲು ಮಾತ್ರ ಅವನದೇ."

ಸುಮ್ನೆ_ಓದುಗ:
ಅದೇ ಪ್ರವಾಸದಲ್ಲಿ ದೆಹಲಿಯಲ್ಲಿ ನಮ್ಮ ಕೌರ್ ಸಿಂಗ್ ಜೊತೆಯೂ ಪ್ರದರ್ಶನ ಪಂದ್ಯ ಆಡಿದ್ದ. ಎರಡು ವರ್ಷ ಬಿಟ್ಟು ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಹೆವಿವೇಟ್ ಚಿನ್ನ ಗೆದ್ದರಲ್ಲ, ಅವರೇ.

ವೈದ್ಯೆ_ಊರಲ್ಲಿಲ್ಲ:
ಆ ಹೊಟ್ಟೆ ಬಂದ ವರ್ಷದ ಅಕ್ಟೋಬರ್‌ನಲ್ಲೇ ಅಲಿ ಮತ್ತೆ ರಿಂಗಿಗೆ ಇಳಿದದ್ದು, ಲ್ಯಾರಿ ಹೋಮ್ಸ್ ಎದುರು. 38 ವರ್ಷ. ಹತ್ತು ರೌಂಡ್ ಬರೀ ಏಟು ತಿಂದ. ಹೋಮ್ಸ್ ಮಧ್ಯೆ ಮಧ್ಯೆ ರೆಫರಿ ಕಡೆ ನೋಡುತ್ತಾನೆ, ನಿಲ್ಲಿಸಪ್ಪಾ ಅನ್ನೋ ಹಾಗೆ. ಕೊನೆಗೆ ಡಂಡಿ ನಿಲ್ಲಿಸಿದ. 1984ರಲ್ಲಿ ಪಾರ್ಕಿನ್ಸನ್ಸ್ ಗುರುತಾಯಿತು. ಯಾರ ತಾಕತ್ತು ಎಷ್ಟು ಅಂತ ಎಣಿಸುವಾಗ "ಏಟು ತಾಳಿಕೊಳ್ಳುವ ಶಕ್ತಿ" ಅಂತ ಒಂದು ಅಂಕ ಕೊಡುತ್ತೀರಲ್ಲ, ಅದು ನನಗೆ ಯಾವಾಗಲೂ ಕಷ್ಟ. ಕಿನ್ಷಾಸಾದ ಹಗ್ಗದ ವರಸೆಯನ್ನು ಹೊಗಳುವಾಗಲೂ ಅದೇ ಸಂಕಟ. ಆದರೂ ನೋಡುತ್ತೇನೆ, ಏನು ಮಾಡೋದು.

ಲಂಡನ್_ಗೌಡ:
ಈಚಿನವರ ಪರ ಯಾರೂ ಇಲ್ಲವಾ? 2017ರ ಏಪ್ರಿಲ್‌ನಲ್ಲಿ ವೆಂಬ್ಲಿಯಲ್ಲಿ ಜೋಶುವಾ ಮತ್ತು ವ್ಲಾಡಿಮಿರ್ ಕ್ಲಿಚ್ಕೊ ಪಂದ್ಯಕ್ಕೆ ಹೋಗಿದ್ದೆ. 90,000 ಜನ. ನನ್ನ ಸೀಟಿನಿಂದ ಬಾಕ್ಸರ್‌ಗಳು ಬೆಂಕಿಪೆಟ್ಟಿಗೆ ಕಡ್ಡಿಯಷ್ಟು ಕಾಣುತ್ತಿದ್ದರು, ದೊಡ್ಡ ಪರದೆ ನೋಡಿಕೊಂಡೇ ಬಂದೆ. ಆದರೆ 11ನೇ ರೌಂಡಿನಲ್ಲಿ ಜೋಶುವಾ ಹೊಡೆದ ಆ ಅಪ್ಪರ್‌ಕಟ್‌ಗೆ (ಕೆಳಗಿನಿಂದ ಮೇಲಕ್ಕೆ ಬರುವ ಏಟು) ಜನ ಕೂಗಿದ್ದು ಎದೆಗೇ ತಾಗಿತು.

ನನ್ನ ಆಯ್ಕೆ ಲೆನಾಕ್ಸ್ ಲೂಯಿಸ್. 6 ಅಡಿ 5 ಇಂಚು. ಸೋತಿದ್ದು ಇಬ್ಬರಿಗೆ, ಮೆಕಾಲ್ ಮತ್ತು ರೆಹಮಾನ್. ಇಬ್ಬರನ್ನೂ ವಾಪಸ್ ಕರೆದು ಹೊಡೆದ. ಹೋಲಿಫೀಲ್ಡ್, ಟೈಸನ್, ವಿಟಾಲಿ ಕ್ಲಿಚ್ಕೊ, ಎಲ್ಲರ ಮೇಲೂ ಗೆಲುವು ಇದೆ. ಯಾರಿಗೂ ಬಾಕಿ ಇಟ್ಟಿಲ್ಲ. ಎಳೆದು ತಂದು ಒಂದೇ ರಿಂಗಿಗೆ ಬಿಡೋ ಪ್ರಶ್ನೆಗೆ ಇವನಿಗಿಂತ ಒಳ್ಳೇ ಉತ್ತರ ಇಲ್ಲ.

ಎಡಗೈ_ಹುಕ್:
ಲೆನಾಕ್ಸ್‌ಗೆ ಸೋತ 2002ರ ಟೈಸನ್ ನಿಜವಾದ ಟೈಸನ್ ಅಲ್ಲ.

ಲಂಡನ್_ಗೌಡ:
ನಿಮ್ಮ ನಿಜವಾದ ಟೈಸನ್ ಬರೀ ಎರಡು ವರ್ಷ ಇದ್ದ ಅಂತ ಒಪ್ಪಿಕೊಂಡ ಹಾಗಾಯ್ತಲ್ಲ.

ಗರಡಿಮನೆ_ಗಣಪ:
ತಕ್ಕಡಿ ವಾದಕ್ಕೆ ಕೊನೇ ಏಟು ನಾನು ಕೊಡ್ತೀನಿ. ಉಸಿಕ್. ಕ್ರೂಸರ್‌ವೇಟ್‌ನಿಂದ ಬಂದವನು. 2024ರ ಮೇನಲ್ಲಿ ರಿಯಾಧ್‌ನಲ್ಲಿ ಸುಮಾರು 101 ಕೆಜಿ ಇಟ್ಟುಕೊಂಡು 119 ಕೆಜಿಯ ಫ್ಯೂರಿಯನ್ನು ಸೋಲಿಸಿದ. ಒಂಬತ್ತನೇ ರೌಂಡಿನಲ್ಲಿ ಫ್ಯೂರಿ ಒಂದು ಹಗ್ಗದಿಂದ ಇನ್ನೊಂದು ಹಗ್ಗಕ್ಕೆ ಕುಡಿದವನ ತರ ತೂರಾಡಿದ್ದು ನೋಡಿದ್ರಾ? ಡಿಸೆಂಬರ್‌ನಲ್ಲಿ ಮತ್ತೆ ಸೋಲಿಸಿದ. ಲೆನಾಕ್ಸ್ ಲೂಯಿಸ್ ಆದ ಮೇಲೆ ಎಲ್ಲ ಬೆಲ್ಟ್ ಒಟ್ಟಿಗೆ ಹಿಡಿದವನು ಇವನೇ ಮೊದಲು. ಸ್ಟೂಲ್ ಬೇಕಾಗಲಿಲ್ಲ ಬಟ್ಟು ಅವರೇ.

ತೂಕದ_ಬಟ್ಟು:
ಉಸಿಕ್ 6 ಅಡಿ 3 ಇಂಚು. ಮಾರ್ಸಿಯಾನೊಗಿಂತ ಕಾಲಡಿ ಮೇಲೆ ಎತ್ತರ, 16 ಕೆಜಿ ಜಾಸ್ತಿ. ಅವನನ್ನು ಚಿಕ್ಕವನು ಅನ್ನಬೇಕಾದರೆ ಪಕ್ಕದಲ್ಲಿ ಫ್ಯೂರಿಯನ್ನೇ ನಿಲ್ಲಿಸಬೇಕು. ಆದರೂ ಒಪ್ಪಿದೆ, 1960ರ ಗೆರೆ ಅಳಿಸುತ್ತೇನೆ. ಜೋ ಲೂಯಿಸ್‌ಗೆ ಒಳಗೆ ಜಾಗ ಕೊಡುತ್ತೇನೆ. ಮಾರ್ಸಿಯಾನೊ ಹೊರಗೇ.

ಬೆಣ್ಣೆದೋಸೆ:
49-0.

ಕೋಳಿಸಾರು_ಕಿಟ್ಟಿ:
ಸರಿ, ಭಾನುವಾರಕ್ಕೆ ಇಷ್ಟು ಬರೆದುಕೊಂಡಿದ್ದೇನೆ. ಮೊದಲ ಕಾಲ: ಜಾನ್ಸನ್, ಆದರೆ ಲ್ಯಾಂಗ್‌ಫರ್ಡ್ ಹೆಸರು ಪಕ್ಕದಲ್ಲೇ. ಆಮೇಲೆ ಜೋ ಲೂಯಿಸ್. ಆಮೇಲೆ ಅಲಿ. ಟೈಸನ್ ಮತ್ತು ಲೆನಾಕ್ಸ್ ಲೂಯಿಸ್ ಕಾಲಕ್ಕೆ ಲೆನಾಕ್ಸ್ (ಬಾಮೈದನಿಗೆ ನೀವೇ ಯಾರಾದರೂ ಹೇಳಿ). ಈಗ ಉಸಿಕ್. ಎಲ್ಲರಿಗೂ ಮೇಲೆ ಅಲಿ, ಒಂದು ಕೂದಲೆಳೆಯಲ್ಲಿ ಜೋ ಲೂಯಿಸ್ ಹಿಂದೆ. ಮಾವನಿಗೆ ಹೀಗೆ ಹೇಳಿದರೆ ಮಗಳನ್ನು ಕೊಟ್ಟಿದ್ದು ಸಾರ್ಥಕ ಅಂದುಕೊಳ್ಳಬಹುದು.

ಈಸ್ಟನ್_ಅಭಿಮಾನಿ:
ತಡವಾಗಿ ಬಂದೆ. ಮೇಲಿಂದ ಕೆಳಗೆ ಎರಡು ಸಲ ಓದಿದೆ. ಲ್ಯಾರಿ ಹೋಮ್ಸ್ ಹೆಸರು ಒಂದೇ ಕಡೆ ಇದೆ, ಅದೂ ಮುದುಕ ಅಲಿಯನ್ನು ಹೊಡೆದವನು ಅಂತ! 1978ರಿಂದ 1985ರವರೆಗೆ ಚಾಂಪಿಯನ್. ಅವನ ಜ್ಯಾಬ್‌ನಂಥ ಜ್ಯಾಬ್ ಹೆವಿವೇಟ್‌ನಲ್ಲಿ ಇನ್ನೊಂದಿಲ್ಲ. ನಾರ್ಟನ್ ಜೊತೆ 15ನೇ ರೌಂಡ್ ನೋಡಿಲ್ಲದವರು ಇವತ್ತೇ ನೋಡಿ. 48-0 ಇತ್ತು, ಮಾರ್ಸಿಯಾನೊ ಲೆಕ್ಕಕ್ಕೆ ಒಂದೇ ಒಂದು ಕಮ್ಮಿ, ಆಗ ಸ್ಪಿಂಕ್ಸ್‌ಗೆ ಸೋತ. ಅಲಿ ಆದ ಮೇಲೆ ಬಂದ, ಟೈಸನ್‌ಗಿಂತ ಮುಂಚೆ ಬಂದ, ಅದೊಂದೇ ಅವನು ಮಾಡಿದ ತಪ್ಪು. ಪಟ್ಟಿಗೆ ಸೇರಿಸಿ ಕಿಟ್ಟಿ ಅವರೇ.

ಕೋಳಿಸಾರು_ಕಿಟ್ಟಿ:
ಈಗಷ್ಟೇ ಫೋನ್ ಮಾಡಿ ಹೋಮ್ಸ್ ಬಗ್ಗೆ ಕೇಳಿದೆ. ಬಾಮೈದ "ಯಾರವನು?" ಅಂದ. ಮಾವ ಫೋನ್ ಕಿತ್ತುಕೊಂಡು "ಆ ಹೆಸರು ನಮ್ಮನೇಲಿ ಎತ್ತಬೇಡಿ" ಅಂದರು. ಭಾನುವಾರ ಹಪ್ಪಳ ತರಬೇಕಂತೆ.